ಕಣ್ಣು ತೆರೆದರೆ ಧ್ಯಾನ ಕೆಡುತ್ತದೆಯೇ?

‘ಕಣ್ಣು ಮುಚ್ಚದೆ ಮಾಡಿದ್ದು ಧ್ಯಾನವೇ ಅಲ್ಲ, ಯಿನ್ ಯೋಗದಲ್ಲೂ (ಒಂದೇ ಭಂಗಿಯಲ್ಲಿ ನಿಮಿಷಗಟ್ಟಲೆ ಇರುವ ನಿಧಾನದ ಯೋಗ) ಕಣ್ಣು ತೆರೆದರೆ ಫಲವಿಲ್ಲ’ ಎಂಬ ಸಂದೇಶ ಓಡಾಡುತ್ತಿದೆ. ಇದು ಸರಿಯಲ್ಲ.

ಝೆನ್ ಎಂಬ ಬೌದ್ಧ ಧ್ಯಾನ ಪದ್ಧತಿಯಲ್ಲಿ ಕೂರುವವರು ಕಣ್ಣು ಅರೆತೆರೆದೇ ಇರುತ್ತಾರೆ. ನೋಟ ಸುಮಾರು 45 ಡಿಗ್ರಿ ಕೆಳಗೆ, ನೆಲದ ಮೇಲೆ. ಅದರ ಸೋತೋ ಪಂಥದವರು ಗೋಡೆಗೆ ಮುಖ ಮಾಡಿ ಕೂರುವುದು ರೂಢಿ. ಟಿಬೆಟ್‌ನ ಜೋಗ್‌ಚೆನ್ ಎಂಬ ಧ್ಯಾನ ಪದ್ಧತಿಯಲ್ಲಂತೂ ಕಣ್ಣು ಪೂರ್ತಿ ತೆರೆದೇ ಧ್ಯಾನ ಮಾಡುತ್ತಾರೆ. ಅಷ್ಟು ದೂರ ಯಾಕೆ, ಹಠಯೋಗದ ತ್ರಾಟಕ ಎಂದರೇ ದೀಪವನ್ನೋ ಚುಕ್ಕಿಯನ್ನೋ ಎವೆಯಿಕ್ಕದೆ ನೋಡುವುದು, ಅಲ್ವಾ? ಭಗವದ್ಗೀತೆಯ 6ನೇ ಅಧ್ಯಾಯದ 13ನೇ ಶ್ಲೋಕವೂ ಮೂಗಿನ ತುದಿಯತ್ತ ನೋಟ ಇಡಲು ಹೇಳುತ್ತದೆ.

ಕಣ್ಣು ಮುಚ್ಚಲೇಬೇಕೆಂಬ ಮಾತು ಸುಮ್ನೆ ಹುಟ್ಟಿದ್ದೂ ಅಲ್ಲ. ಕಣ್ಣು ಮುಚ್ಚಿದೊಡನೆ ಮೆದುಳಿನ ಆಲ್ಫಾ ಅಲೆಗಳು (ಎಚ್ಚರವಿದ್ದೂ ವಿಶ್ರಾಂತಿಯಲ್ಲಿದ್ದಾಗ ಕಾಣುವ ವಿದ್ಯುತ್ ಅಲೆಗಳು) ಜಾಸ್ತಿಯಾಗುತ್ತವೆ. ಜರ್ಮನಿಯ ಮನೋವೈದ್ಯ ಹಾನ್ಸ್ ಬರ್ಗರ್ 1929ರಲ್ಲೇ ಈ ಅಲೆಗಳ ಬಗ್ಗೆ ಬರೆದಿದ್ದರು. ಆದರೆ ಧ್ಯಾನ ಮಾಡದೆ ಕಣ್ಣು ಮುಚ್ಚಿದರೂ ಹಾಗೇ ಆಗುತ್ತದೆ. ಅದನ್ನೇ ಧ್ಯಾನದ ಗುರುತು ಎನ್ನುವುದು ತಪ್ಪು.

ಯಿನ್ ಯೋಗದಲ್ಲಿ ಒಂದೊಂದು ಭಂಗಿಯಲ್ಲೂ ಸಾಮಾನ್ಯವಾಗಿ 3ರಿಂದ 5 ನಿಮಿಷ ಇರುತ್ತಾರೆ. ಹೆಚ್ಚಿನವು ನೆಲದ ಮೇಲಿನವೇ, ಹಾಗಾಗಿ ಕಣ್ಣು ಮುಚ್ಚಿದರೆ ಬೀಳುವ ಭಯವಿಲ್ಲ. ಸ್ನಾಯು, ಕೀಲುಗಳ ಸುತ್ತಲಿನ ಅಂಗಾಂಶಕ್ಕೆ ಎಳೆತ ಸಿಗುವುದು ಭಂಗಿಯಿಂದ; ರೆಪ್ಪೆಗೂ ಅದಕ್ಕೂ ಸಂಬಂಧವಿಲ್ಲ. ನಿದ್ದೆ ತೂಗುತ್ತಿದ್ದರೆ (ನನಗಂತೂ ಮೂರನೇ ನಿಮಿಷಕ್ಕೇ) ಕಣ್ಣು ಅರೆತೆರೆಯಿರಿ. ಸುತ್ತಲಿನದು ಮನಸ್ಸನ್ನು ಎಳೆಯುತ್ತಿದ್ದರೆ ಮುಚ್ಚಿ. ಕಣ್ಣು ಮುಚ್ಚಿದರೆ ತಳಮಳವಾಗುವವರು, ಹಳೆಯ ಕಹಿ ನೆನಪು ನುಗ್ಗುವವರು ಒತ್ತಾಯದಿಂದ ಮುಚ್ಚಬೇಕಿಲ್ಲ. ನೆಲದ ಒಂದು ಜಾಗದ ಮೇಲೆ ನೋಟ ಇಟ್ಟರೆ ಸಾಕು.