ಹಾಡನ್ನು ಬಿಟ್ಟುಕೊಟ್ಟವರು

ನಿನ್ನೆ ರಾತ್ರಿ ಮನೆಯಲ್ಲಿ ಎಲ್ಲರೂ ಮಲಗಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು ಪ್ರೈಮಲ್ ಸ್ಕ್ರೀಮ್ ಬ್ಯಾಂಡಿನ ‘ಸ್ಕ್ರೀಮಡೆಲಿಕಾ’ ಆಲ್ಬಮ್ಮನ್ನು ಮೊದಲಿಂದ ಕೊನೆತನಕ ಕೇಳಿದೆ. ಒಂದು ಗಂಟೆಗೂ ಜಾಸ್ತಿ ಆಗುತ್ತದೆ. ನಡುವೆ ಒಂದು ಹಾಡನ್ನೂ ದಾಟಿಸಲಿಲ್ಲ. ಎಷ್ಟನೆಯ ಸಲವೋ ಲೆಕ್ಕವಿಲ್ಲ. ಪ್ರತಿ ಸಲವೂ ಕೇಳಿ ಮುಗಿದಾಗ ಒಂದೇ ಪ್ರಶ್ನೆ ಬರುತ್ತದೆ: ತಾವೇ ಕಟ್ಟಿದ ಹಾಡನ್ನು ಇನ್ನೊಬ್ಬರ ಕೈಗೆ ಕೊಟ್ಟು ‘ಒಡೆದುಹಾಕು’ ಅನ್ನೋಕೆ ಇವರಿಗೆ ಅಷ್ಟು ಧೈರ್ಯ ಎಲ್ಲಿಂದ ಬಂತು?

ಇದು ನಿಜವಾಗಿ ನಡೆದದ್ದು. 1989ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಈ ಹುಡುಗರ ಎರಡನೆಯ ಆಲ್ಬಮ್ ಬಂದಿತ್ತು. ಗಿಟಾರ್, ರಾಕ್, ಚರ್ಮದ ಪ್ಯಾಂಟು. ಅದನ್ನು ಹೆಚ್ಚು ಜನ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರಲ್ಲಿ ಪ್ರೀತಿ ಕಳೆದುಕೊಂಡವನ ಒಂದು ನಿಧಾನದ ಹಾಡಿತ್ತು. ಆ್ಯಂಡ್ರೂ ವೆದರಾಲ್ ಅನ್ನೋ ಡಿಜೆಗೆ ಆ ಹಾಡು ಇಷ್ಟವಾಗಿತ್ತು. ಸ್ಟುಡಿಯೋದಲ್ಲಿ ಅವನಿಗೆ ಅನುಭವ ಬಹಳ ಕಮ್ಮಿ. ಆದರೂ ಅದನ್ನು ಕುಣಿಯುವ ಹಾಗೆ ಮಾಡಿಕೊಡು ಅಂತ ಅವನ ಕೈಗೇ ಕೊಟ್ಟರು. ಮೊದಲ ಸಲ ಅವನು ಹೆದರಿಕೊಂಡೇ ಮಾಡಿದ. ಮೂಲ ಹಾಡಿಗೆ ನೋವಾಗದಂತೆ ಅಲ್ಲೊಂದು ಇಲ್ಲೊಂದು ಬದಲಾವಣೆ, ಅಷ್ಟೆ. ಅದನ್ನು ಕೇಳಿದ ಗಿಟಾರ್‌ವಾದಕ ಆ್ಯಂಡ್ರೂ ಇನ್ನೆಸ್, ಇಷ್ಟು ಮರ್ಯಾದೆ ಬೇಡ, ಪೂರ್ತಿ ಧ್ವಂಸ ಮಾಡು ಅಂದ.

ಹೀಗೆ ಹುಟ್ಟಿದ್ದು 1990ರ ‘ಲೋಡೆಡ್’. ಮೂಲ ಹಾಡಿನ ಪಲ್ಲವಿ ಹೋಯಿತು, ಚರಣ ಹೋಯಿತು. ಉಳಿದದ್ದು ಬಾಲದ ತುದಿಯಲ್ಲಿದ್ದ ತುತ್ತೂರಿ, ಪಿಯಾನೋ, ಜಾರುವ ಗಿಟಾರು. ಶುರುವಿಗೆ 1966ರ ಒಂದು ಅಮೆರಿಕನ್ ಬೈಕ್ ಸಿನಿಮಾದಿಂದ ನಟ ಪೀಟರ್ ಫೋಂಡಾನ ಮಾತು ಬಂದು ಕೂತಿತು. ಕೆಳಗೆ ಸುತ್ತಿ ಸುತ್ತಿ ಬರುವ ಡ್ರಮ್ ಕೂಡ ಬೇರೆಲ್ಲಿಂದಲೋ ತಂದದ್ದು. ವೇಗ ನೋಡಿ, ನಿಮಿಷಕ್ಕೆ 100 ಬಡಿತದ ಆಸುಪಾಸು. ಆ ಕಾಲದ ಕ್ಲಬ್‌ಗಳಲ್ಲಿ ಓಡುತ್ತಿದ್ದ ಹೌಸ್ ಸಂಗೀತ ಇದಕ್ಕಿಂತ ಎಷ್ಟೋ ಜೋರು. ಇದು ಓಡುವುದಿಲ್ಲ, ಭುಜ ಅಲ್ಲಾಡಿಸುತ್ತಾ ನಡೆದು ಬರುತ್ತದೆ. ಆ ನಡಿಗೆಗೆ ಇಡೀ ಬ್ರಿಟನ್ ಕುಣಿಯಿತು. ಹಾಡು ಅಲ್ಲಿನ ಮಾರಾಟದ ಪಟ್ಟಿಯಲ್ಲಿ 16ನೇ ಸ್ಥಾನಕ್ಕೆ ಏರಿತು.

ಆಗ ಗಿಟಾರ್ ಬ್ಯಾಂಡುಗಳೆಲ್ಲ ರೇವ್ ಕಡೆಗೆ, ಅಂದರೆ ರಾತ್ರಿಯಿಡೀ ಕುಣಿಯುವ ಪಾರ್ಟಿಗಳ ಸಂಗೀತದ ಕಡೆಗೆ ತಿರುಗುತ್ತಿದ್ದವು. ಜಾಸ್ತಿ ಜನ ಮಾಡಿದ್ದು ಇಷ್ಟೇ: ತಮ್ಮ ರಾಕ್ ಹಾಡಿನ ಕೆಳಗೆ ಒಂದು ಕುಣಿತದ ತಾಳ ಇಟ್ಟರು. ಹಾಡುಗಾರ ಅಲ್ಲೇ ಮೈಕಿನ ಮುಂದೆ, ಬ್ಯಾಂಡ್ ಅಲ್ಲೇ ಅವನ ಹಿಂದೆ. ಬಣ್ಣ ಬದಲಾಯಿತು, ಮನೆ ಅದೇ. ಪ್ರೈಮಲ್ ಸ್ಕ್ರೀಮ್ ಮನೆಯ ಗೋಡೆಯನ್ನೇ ಕೆಡವಿತು.

ಬಾಬಿ ಗಿಲೆಸ್ಪಿ ಆ ಬ್ಯಾಂಡಿನ ಹಾಡುಗಾರ, ಅದರ ಮುಖ. 1991ರ ಸೆಪ್ಟೆಂಬರ್‌ನಲ್ಲಿ ಬಂದ ‘ಸ್ಕ್ರೀಮಡೆಲಿಕಾ’ದಲ್ಲಿ 11 ಹಾಡುಗಳಿವೆ. ಸುಮಾರು ಅರ್ಧದಷ್ಟರಲ್ಲಿ ಮುಖ್ಯ ದನಿ ಅವನದಲ್ಲ! ಎರಡನೆಯದನ್ನು ಗಿಟಾರಿನ ರಾಬರ್ಟ್ ಯಂಗ್ ಹಾಡುತ್ತಾನೆ. ಮೂರನೆಯದನ್ನು ಮ್ಯಾಂಚೆಸ್ಟರ್‌ನ ಡೆನಿಸ್ ಜಾನ್ಸನ್ ಹಾಡುತ್ತಾಳೆ, ಆ ದನಿ ಬಂದಾಗ ಕೂತಲ್ಲಿ ಕೂರೋಕೆ ಆಗಲ್ಲ. ‘ಇನ್ನರ್ ಫ್ಲೈಟ್’ನಲ್ಲಿ ಮಾತೇ ಇಲ್ಲ. ಯಾವ ರಾಕ್ ಹಾಡುಗಾರ ತನ್ನದೇ ಆಲ್ಬಮ್ಮಿನಲ್ಲಿ ಹೀಗೆ ಪಕ್ಕಕ್ಕೆ ಸರಿದು ನಿಲ್ಲುತ್ತಾನೆ, ಹೇಳಿ?

‘ಕಮ್ ಟುಗೆದರ್’ ಹಾಡನ್ನೇ ತೆಗೆದುಕೊಳ್ಳಿ. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದಾಗ ಅದರಲ್ಲಿ ಗಿಲೆಸ್ಪಿಯ ದನಿ ಇತ್ತು, ಚೆನ್ನಾಗಿಯೂ ಇತ್ತು. ಬ್ರಿಟನ್ನಿನ ಆಲ್ಬಮ್ಮಿಗೆ ಆರಿಸಿದ್ದು ಮಾತ್ರ ವೆದರಾಲ್ ಮಾಡಿದ ಹತ್ತು ನಿಮಿಷದ ರೂಪವನ್ನು. ಅದರಲ್ಲಿ ಗಿಲೆಸ್ಪಿಯ ಚರಣಗಳಿಲ್ಲ. ಅವುಗಳ ಜಾಗದಲ್ಲಿ ಅಮೆರಿಕದ ಕರಿಯರ ಹಕ್ಕುಗಳ ಹೋರಾಟಗಾರ ಜೆಸ್ಸಿ ಜಾಕ್ಸನ್ 1972ರಲ್ಲಿ ಲಾಸ್ ಏಂಜಲೀಸ್‌ನ ವಾಟ್‌ಸ್ಟ್ಯಾಕ್ಸ್ ಸಂಗೀತೋತ್ಸವದಲ್ಲಿ ಆಡಿದ ಮಾತುಗಳಿವೆ. ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ), ಬ್ಲೂಸ್, ಜಾಝ್ ಎಲ್ಲವೂ ಬರೀ ಹಣೆಪಟ್ಟಿ, ಸಂಗೀತ ಒಂದೇ ಅನ್ನುತ್ತಾನೆ ಅವನು. ಹಿಂದೆ ಗಾಸ್ಪೆಲ್ ಮೇಳದಂತೆ ದನಿಗಳು ಏಳುತ್ತವೆ. ತನ್ನ ದನಿ ತೆಗೆದರೆ ಹಾಡು ದೊಡ್ಡದಾಗುತ್ತದೆ ಅಂತ ಒಬ್ಬ ಹಾಡುಗಾರನಿಗೆ ಅನಿಸಿದ ಜಾಗ ಇದು. ಅಲ್ಲಿಗೆ ಬಂದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ.

‘ಹಾಗಾದರೆ ಇದು ವೆದರಾಲ್‌ನ ಆಲ್ಬಮ್, ಬ್ಯಾಂಡಿನದಲ್ಲ’ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಮೊದಲ ಹಾಡಿಗೆ ಇವರು ಹುಡುಕಿಕೊಂಡು ಹೋದದ್ದು ರೋಲಿಂಗ್ ಸ್ಟೋನ್ಸ್‌ನ ಒಳ್ಳೆಯ ಕಾಲದ ಆಲ್ಬಮ್‌ಗಳನ್ನು ಮಾಡಿದ ಜಿಮ್ಮಿ ಮಿಲ್ಲರ್‌ನನ್ನು. ‘ಹೈಯರ್ ದ್ಯಾನ್ ದ ಸನ್’ ಹಾಡನ್ನು ಎಲೆಕ್ಟ್ರಾನಿಕ್ ಸಂಗೀತದ ದಿ ಆರ್ಬ್ ತಂಡಕ್ಕೆ ಕೊಟ್ಟರು. ಅದೇ ಹಾಡಿನ ಡಬ್ ರೂಪಕ್ಕೆ (ಬೇಸ್, ಪ್ರತಿಧ್ವನಿಗಳೇ ಮುಂದಿರುವ ಶೈಲಿ) ಬೇಸ್ ಗಿಟಾರ್ ನುಡಿಸಲು ಜಾ ವಾಬಲ್ ಅನ್ನೋ ವಾದಕನನ್ನು ಕರೆದರು. ಯಾವ ಹಾಡು ಯಾರ ಕೈಗೆ ಹೋಗಬೇಕು ಅನ್ನೋದು ಗೊತ್ತಿರಬೇಕಲ್ವಾ? ಅದಕ್ಕೂ ಕಿವಿ ಬೇಕು.

ಇನ್ನೊಂದು ಮಾತು ಪದೇ ಪದೇ ಕೇಳುತ್ತೇನೆ: ಇದು ಎಕ್ಸ್‌ಟಸಿ ಅನ್ನೋ ಮಾದಕ ಮಾತ್ರೆ ನುಂಗಿದವರ ಸಂಗೀತ, ನುಂಗದವರಿಗೆ ಅರ್ಥವಾಗುವುದಿಲ್ಲ. ಆ ಕಾಲದಲ್ಲಿ ಆ ಮಾತ್ರೆ ಎಲ್ಲೆಲ್ಲೂ ಇತ್ತು, ಈ ಆಲ್ಬಮ್ಮಿನೊಳಗೂ ಇದೆ, ಮುಚ್ಚಿಡುವುದಕ್ಕೇನಿಲ್ಲ. ಆದರೆ ನಾನು ಅದನ್ನು ಮುಟ್ಟಿದವನಲ್ಲ. ಅಲ್ಲಿನ ಕ್ಲಬ್ಬುಗಳನ್ನು ಕಂಡವನೂ ಅಲ್ಲ. ಬರೀ ಚಹಾ ಕುಡಿದು ಕೇಳುತ್ತೇನೆ. ಹಾಡುಗಳನ್ನು ಜೋಡಿಸಿದ ಕ್ರಮವೇ ನನ್ನನ್ನು ಒಂದು ಇಡೀ ರಾತ್ರಿಯಲ್ಲಿ ನಡೆಸುತ್ತದೆ. ಸಂಜೆಯ ಹುರುಪು, ಮೈಮರೆಯುವ ಕುಣಿತ, ‘ಲೋಡೆಡ್’ನ ತುತ್ತುದಿ. ಅದಾದ ತಕ್ಷಣ ‘ಡ್ಯಾಮೇಜ್ಡ್’. ಪಿಯಾನೋ, ಗಿಟಾರ್, ಮನಸ್ಸು ಮುರಿದವನ ದನಿ. ದೀಪ ಹಾಕಿದ ಕೂಡಲೇ ಖಾಲಿ ಕಾಣುವ ಮದುವೆ ಮನೆ ನೆನಪಾಗುತ್ತದೆ. ಅದರ ಮುಂದಿನದಕ್ಕೆ ‘ಐಯಾಮ್ ಕಮಿಂಗ್ ಡೌನ್’ ಅಂತಲೇ ಹೆಸರು, ಸ್ಯಾಕ್ಸೋಫೋನ್ ಸುಸ್ತಾಗಿ ಸುತ್ತುತ್ತಿರುತ್ತದೆ. ಬರೀ ಖುಷಿ ಮಾರುವ ಆಲ್ಬಮ್ ಆಗಿದ್ದರೆ ‘ಲೋಡೆಡ್’ಗೇ ಮುಗಿಸಬಹುದಿತ್ತು. ಮುಗಿಸಲಿಲ್ಲ. ಇಳಿಯುವುದನ್ನೂ ಜೊತೆಗೇ ಇಟ್ಟರು. ಅದಕ್ಕೇ ನನಗೆ ಇದರ ಮೇಲೆ ನಂಬಿಕೆ.

ಕೆಂಪು ಹಿನ್ನೆಲೆಯ ಮೇಲೆ ಕಣ್ಣರಳಿಸಿದ ಸೂರ್ಯನ ಆ ಮುಖಪುಟ ನಿಮಗೂ ಗೊತ್ತಿರಬಹುದು. ಕಲಾವಿದ ಪಾಲ್ ಕ್ಯಾನೆಲ್‌ಗೆ ಅದು ಹೊಳೆದದ್ದು ಆಲ್ಬಮ್ ಹೊರತಂದ ಕ್ರಿಯೇಷನ್ ರೆಕಾರ್ಡ್ಸ್ ಕಚೇರಿಯ ಚಾವಣಿಯಲ್ಲಿದ್ದ ತೇವದ ಕಲೆ ನೋಡಿ. 1992ರಲ್ಲಿ ವರ್ಷದ ಒಳ್ಳೆಯ ಆಲ್ಬಮ್ಮಿಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ, ಮೊಟ್ಟಮೊದಲನೆಯದು, ಇದಕ್ಕೇ ಬಂತು. 2010ರಲ್ಲಿ ಬ್ರಿಟನ್ನಿನ ಅಂಚೆಚೀಟಿಯ ಮೇಲೂ ಆ ಸೂರ್ಯ ಕೂತ.

ರಾಬರ್ಟ್ ಯಂಗ್ 2014ರಲ್ಲಿ ತೀರಿಹೋದ. 2020ರ ಫೆಬ್ರವರಿಯಲ್ಲಿ ವೆದರಾಲ್, 56 ವರ್ಷಕ್ಕೆ. ಅದೇ ವರ್ಷ ಜುಲೈನಲ್ಲಿ ಡೆನಿಸ್ ಜಾನ್ಸನ್. ಆ ವರ್ಷದಿಂದ ಮೂರನೆಯ ಹಾಡು ಬಂದಾಗ ಕುಣಿಯಬೇಕು ಅನಿಸುವುದರ ಜೊತೆಗೇ ಕಣ್ಣೂ ಒದ್ದೆಯಾಗುತ್ತದೆ.

ಕೊನೆಯ ಹಾಡು ‘ಶೈನ್ ಲೈಕ್ ಸ್ಟಾರ್ಸ್’. ಹೆಚ್ಚುಕಮ್ಮಿ ಜೋಗುಳ. ಎಷ್ಟೋ ಹಾಡುಗಳಲ್ಲಿ ಬೇರೆಯವರಿಗೆ ದಾರಿ ಬಿಟ್ಟು ನಿಂತಿದ್ದ ಗಿಲೆಸ್ಪಿ ಇಲ್ಲಿ ಮತ್ತೆ ಬರುತ್ತಾನೆ. ತೆಳ್ಳನೆಯ ದನಿ, ಮಲಗಿದವರನ್ನು ಎಬ್ಬಿಸಬಾರದು ಅನ್ನುವಷ್ಟು ಮೆಲ್ಲಗೆ. ನಿನ್ನೆ ಅದು ಮುಗಿದ ಮೇಲೂ ಸುಮ್ನೆ ಹೆಡ್‌ಫೋನ್ ಹಾಕಿಕೊಂಡೇ ಕೂತಿದ್ದೆ.