ಗೋಡೆಯ ಮೇಲಿನ ಸಿಟ್ಟು

ಪಾಸ್‌ಬುಕ್ ಎಂಟ್ರಿ ಮಷಿನ್ ಕೆಟ್ಟಿತ್ತು. "ಕೂತ್ಕೊಳ್ರಿ, ರಿಪೇರಿಯವರು ಬರ್ತಾರ" ಅಂದರು. ಯಾವಾಗ ಅಂತ ಕೇಳಬಾರದು. ಬೆಳಗಾವಿ ಪೇಟೆಯ ಹಳೇ ಬ್ಯಾಂಕಿನಲ್ಲಿ ಕಾಯುವವನಿಗೆ ಕಟ್ಟಡ ನೋಡುವುದೊಂದೇ ಕೆಲಸ. ಮೇಲೆ ನೋಡಿದರೆ ಫಾಲ್ಸ್ ಸೀಲಿಂಗ್. ಮೂಲೆಯಲ್ಲಿ ಒಂದು ಬಿಳಿ ಚೌಕ ಬಿದ್ದುಹೋಗಿ ಸಾಗವಾನಿ ತೊಲೆ ಇಣುಕುತ್ತಿತ್ತು. ಎಷ್ಟು ಎತ್ತರ! ಬಿಸಿ ಗಾಳಿ ಮೇಲೇರಿ ಹೊರಗೆ ಹೋಗಲಿ ಅಂತ ಬಿಟ್ಟ ಎತ್ತರ ಅದು. ಅದನ್ನು ಮುಚ್ಚಿ, ಆಮೇಲೆ ಸೆಕೆ ಅಂತ ಏಸಿ ಹಾಕಿಸಿದ್ದಾರೆ.

ಹೋಗಲಿ, ಚಾವಣಿ ಬಿಡಿ. ನನ್ನ ಸಿಟ್ಟೆಲ್ಲ ಗೋಡೆಯ ಮೇಲೆ.

ಮೊಳದುದ್ದ ದಪ್ಪದ ಗೋಡೆ. ಕೆಂಪು ಕಲ್ಲು, ಸುಣ್ಣದ ಗಾರೆ. ಕಲ್ಲಿನ ತುಂಬ ಸಣ್ಣ ತೂತು, ಇಲ್ಲಿನ ಮಳೆ ಹೀರದೇ ಇರುತ್ತದೆಯೇ? ಹೀರಲಿ. ಸುಣ್ಣ ತೇವವನ್ನು ಒಳಗೆ ಕೂಡಿಹಾಕುವುದಿಲ್ಲ, ಮಳೆ ನಿಂತರೆ ಗೋಡೆ ತಾನೇ ಒಣಗುತ್ತಿತ್ತು. ನಡುವೆ ಯಾರೋ ಜಾಣರು ಸಿಮೆಂಟ್ ಪ್ಲಾಸ್ಟರ್ ಹೊಡೆಸಿ ಪ್ಲಾಸ್ಟಿಕ್ ಪೇಂಟ್ ಬಳಿಸಿದರು. ರೇನ್‌ಕೋಟ್ ಒಳಗೆ ಬೆವರುವವನ ಗತಿ ಗೋಡೆಗೆ ಬಂತು. ನೀರಿಗೆ ದಾರಿಯಿಲ್ಲ. ಬಣ್ಣ ಗುಳ್ಳೆ ಏಳುತ್ತದೆ, ಪ್ಲಾಸ್ಟರ್ ಉದುರುತ್ತದೆ. ದೀಪಾವಳಿ ಬಂತೆಂದರೆ ಮತ್ತೆ ಸಿಮೆಂಟ್, ಮತ್ತೆ ಪೇಂಟ್.

ಅವತ್ತು ಪೇಂಟರ್ ಹುಡುಗ ಅಲ್ಲೇ ಗೋಡೆ ಕೆರೆಯುತ್ತಿದ್ದ.

"ಸುಣ್ಣ ಯಾಕ ಹಚ್ಚೂದಿಲ್ಲೋ ತಮ್ಮಾ?"

"ಸುಣ್ಣ ಅಂಗಿಗೆ ಹತ್ತತೈತ್ರೀ ಸರ. ಗಿರಾಕಿ ಬೈತಾರ."

"ಮತ್ತ ಈ ಪೇಂಟು ತಲಿ ಮ್ಯಾಲ ಉದುರತೈತಲ್ಲ?"

"ಅದು ಜಾಡಿಸಿದ್ರ ಹೊಕ್ಕೈತ್ರಿ."

ಈ ವಾದಕ್ಕೆ ಏನು ಹೇಳುತ್ತೀರಿ? ನನಗೂ ಏನೂ ತೋಚಲಿಲ್ಲ. ಸಿಟ್ಟು ಇನ್ನೂ ಜಾಸ್ತಿಯಾಯಿತು, ಅಷ್ಟೇ. ಪಕ್ಕದಲ್ಲಿ ಕೂತಿದ್ದ ಅಜ್ಜ ಮಾತ್ರ "ಹುಡುಗ ಖರೇ ಹೇಳಿದ" ಅಂತ ತಲೆದೂಗಿದರು. ಅವರ ಬಿಳಿ ಅಂಗಿ ನೋಡಿದರೆ ಅವರು ಯಾರ ಕಡೆ ಅಂತ ಕೇಳುವುದೇ ಬೇಡ.

ಬೋರ್ಡುಗಳದ್ದು ಇನ್ನೊಂದು ಕಥೆ. ಈ ಊರಿಗೆ ತನ್ನದೇ ಹೆಸರಿನ ಬೆಳಗಾಂ ಬ್ಯಾಂಕ್ ಇತ್ತು, 1930ರದ್ದು. (ನಾನು ಕೂತಿದ್ದು ಅಲ್ಲಲ್ಲ, ಸುಮ್ನೆ ತಪ್ಪು ತಿಳಿಯಬೇಡಿ.) 1964ರಲ್ಲಿ ಅದು ವಿಜಯಪುರದ ಶ್ರೀ ಜಡೆಯ ಶಂಕರಲಿಂಗ ಬ್ಯಾಂಕನ್ನು ನುಂಗಿತು. ಶಂಕರಲಿಂಗನ ಹೆಸರಿದ್ದರೂ ಬಿಡಲಿಲ್ಲ ನೋಡಿ. 1970ರ ದಶಕದಲ್ಲಿ ಯೂನಿಯನ್ ಬ್ಯಾಂಕ್ ಇದನ್ನೇ ನುಂಗಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್, ಕಾರ್ಪೊರೇಷನ್ ಬ್ಯಾಂಕ್‌ಗಳ ಹೆಸರೂ ಹೋದವು. ದೊಡ್ಡವರು ದಿಲ್ಲಿಯಲ್ಲಿ, ಮುಂಬೈಯಲ್ಲಿ ಸಹಿ ಹಾಕುತ್ತಾರೆ. ಇಲ್ಲಿ ಹಳೇ ಬೋರ್ಡ್ ಇಳಿಯುತ್ತದೆ, ಹೊಸದಕ್ಕೆ ಡ್ರಿಲ್ ಹಿಡಿದು ಕಲ್ಲಿಗೆ ಹೊಸ ತೂತು ಕೊರೆಯುತ್ತಾರೆ. ಹಳೇ ತೂತು ಮುಚ್ಚಬೇಕಲ್ಲ? ಮುಚ್ಚುತ್ತಾರೆ, ಅದೇ ಸಿಮೆಂಟಿನಿಂದ.