ಅದು ಗೆದ್ದಲಲ್ಲ ಮಾರಾಯ್ರೇ, ಕುಟ್ಟೆ!

ಇನ್ನು ಯಾರಾದರೂ ಮನೆಗೆ ಬಂದು, ತಲೆ ಎತ್ತಿ ನೋಡಿ, "ಓಹೋ, ಗೆದ್ದಲು ಹಿಡಿದಿದೆಯಲ್ಲಾ" ಅಂದರೆ ಕೈಗೆ ಪೊರಕೆ ಕೊಟ್ಟು ಗುಡಿಸಲಿಕ್ಕೆ ಹಚ್ಚುತ್ತೇನೆ. ಗೆದ್ದಲಲ್ಲ, ಕುಟ್ಟೆ, ಒಣಮರ ಕೊರೆದು ಹಿಟ್ಟು ಮಾಡುವ ಸಣ್ಣ ದುಂಬಿ. ಎರಡೂ ಮರ ತಿನ್ನುತ್ತವೆ ಅನ್ನುವುದು ಬಿಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ. ನೆಂಟರಿಗೆ ಇದು ಗೊತ್ತಿಲ್ಲದಿದ್ದರೆ ಇರಲಿ, ಬೇಸರವಿಲ್ಲ. ಆದರೆ ಮರ ಮಾರುವವರಿಗೆ, ಮರಗೆಲಸದವರಿಗೆ, ಹುಳ ಹೊಡೆಯುತ್ತೇವೆ ಅಂತ ದುಡ್ಡು ತಗೊಳ್ಳುವವರಿಗೇ ಬೇಡವಾಗಿದೆಯಲ್ಲ, ಅದಕ್ಕೆ ಮೈ ಉರಿಯುವುದು.

ನಮ್ಮದು ಸಾಗರದ ಕಡೆಯ ಹಂಚಿನ ಮನೆ. ಹಳೇ ಭಾಗದ ಕಂಬ, ತೊಲೆ, ಮುಚ್ಚಿಗೆ ಎಲ್ಲ ಮನೆಯವರ ಅಜ್ಜನ ಕಾಲದ್ದು. ಅದಕ್ಕೆ ಏನೂ ಆಗಿಲ್ಲ. ಆಗಿರುವುದೆಲ್ಲ ಹಿಂದುಗಡೆ ಹೊಸದಾಗಿ ಕಟ್ಟಿಸಿದ ಅಡುಗೆಮನೆಗೆ. ಹಂಚು ಹೊರುವ ಪಕಾಸು, ರೀಪು, ಆಮೇಲೆ ಕಿಟಕಿ ಚೌಕಟ್ಟು, ಒಂದನ್ನೂ ಬಿಟ್ಟಿಲ್ಲ. ಬೆಳಿಗ್ಗೆ ಎದ್ದು ಒಳಗೆ ಹೋದರೆ ಒಲೆಕಟ್ಟೆ ಮೇಲೆ ಸಣ್ಣ ಸಣ್ಣ ಗುಪ್ಪೆ. ತಿಳಿ ಹಳದಿ ಬಣ್ಣ. ಬೆರಳಲ್ಲಿ ಉಜ್ಜಿದರೆ ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣ್ಣಗೆ. ಒರೆಸಿ, ಕಾಫಿಗೆ ನೀರಿಟ್ಟು ತಿರುಗುವಷ್ಟರಲ್ಲಿ ಮತ್ತೆ ಒಂದು ಗೆರೆ ಬಿದ್ದಿರುತ್ತದೆ. ಪಾತ್ರೆಗೆ ಮುಚ್ಚಳ ಹಾಕುವುದು ಮರೆತರೆ ಮುಗಿಯಿತು. ಮೊನ್ನೆ ತಂಬುಳಿ ಮೇಲೆ ತೇಲುತ್ತಿತ್ತು. ಮನೆಯವರಿಗೆ ತೋರಿಸಿದರೆ, "ಮರದ ಪುಡಿ ತಾನೆ, ವಿಷ ಅಲ್ವಲ್ಲ." ಗುಡಿಸುವವರು ಬೇರೆಯವರಾದರೆ ಇಂಥ ಮಾತು ಸಲೀಸಾಗಿ ಬರುತ್ತದೆ.

ಏಣಿ ಹಾಕಿ, ಟಾರ್ಚ್ ಬಿಟ್ಟು ನಾನೇ ನೋಡಿದೆ. ಪಕಾಸಿನ ಒಂದು ಅಂಚಿನಲ್ಲಿ, ಬಿಳಿಚಿಕೊಂಡ ಭಾಗದಲ್ಲಿ ಮಾತ್ರ ದುಂಡಗಿನ ತೂತುಗಳು. 1-2 ಮಿಲಿಮೀಟರ್ ಅಗಲ, ಅಂಚು ನೀಟು. ಹೊಸ ತೂತಿನೊಳಗೆ ಮರದ ತಿಳಿ ಬಣ್ಣ ಕಾಣುತ್ತದೆ, ಹಳೇದು ಧೂಳು ಕಟ್ಟಿ ಕಪ್ಪಾಗಿರುತ್ತದೆ. ಹೆಬ್ಬೆರಳಲ್ಲಿ ಒತ್ತಿದೆ. ಮೇಲಿನ ತೆಳು ಪದರ ಕುಸಿಯಿತು, ಒಳಗೆ ಬರೀ ಹಿಟ್ಟು. ಅದೇ ಪಕಾಸಿನ ಕೆಂಪಗಿನ ಭಾಗಕ್ಕೆ ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗೆ ಹೋಗಲೇ ಇಲ್ಲ. ಇಷ್ಟನ್ನು ಇಲ್ಲಿಯವರೆಗೆ ಬಂದ ತಜ್ಞರಲ್ಲಿ ಒಬ್ಬರೂ ಮಾಡಲಿಲ್ಲ. ಏಣಿ ಹತ್ತಿದರೆ ತಾನೆ?

ಗೆದ್ದಲಾಗಿದ್ದರೆ ನೆಲದಿಂದ ಮಣ್ಣಿನ ದಾರಿ ಕಟ್ಟಿಕೊಂಡು ಗೋಡೆ ಹತ್ತಿ ಬರುತ್ತಿತ್ತು. ಮರ ಒಡೆದರೆ ಒಳಗೂ ಮಣ್ಣು ಸಿಗುತ್ತಿತ್ತು. ಹೀಗೆ ತೂತಿನಿಂದ ಪುಡಿ ಸುರಿಯುತ್ತಿರಲಿಲ್ಲ. ಕರಾವಳಿ ಕಡೆ ಒಣಮರದಲ್ಲೇ ಸಂಸಾರ ಮಾಡುವ ಗೆದ್ದಲೂ ಇದೆ ನಿಜ. ಆದರೆ ಅದು ಉದುರಿಸುವುದು ಮರಳಿನ ತರಹದ ಕಾಳು, ಹಿಟ್ಟಲ್ಲ. ಇದೇನು ದೊಡ್ಡ ವಿದ್ಯೆಯಾ? ಕೆಳಗೆ ಬಿದ್ದದ್ದನ್ನು ಮುಟ್ಟಿ ನೋಡಿದರೆ ಗೊತ್ತಾಗುತ್ತದೆ.

ಪೇಟೆಯಿಂದ ಬಂದ ಹುಳದ ಔಷಧಿಯವನಿಗೆ ಪುಡಿಯನ್ನು ಕಾಗದದ ಮೇಲೆ ಹಿಡಿದು ಮುಂದೆ ಇಟ್ಟೆ. ನೋಡಲೂ ಇಲ್ಲ. "ಎಲ್ಲಾ ಒಂದೇ ಅಮ್ಮ, ನಮ್ಮ ಔಷಧಿಗೆ ಯಾವುದೂ ಉಳಿಯಲ್ಲ" ಅಂದ. ನಾನು ಇನ್ನೂ ಪ್ರಶ್ನೆ ಕೇಳುತ್ತಿರುವಾಗಲೇ ಮನೆಯವರು ಅಡ್ವಾನ್ಸ್ ಕೊಟ್ಟಾಗಿತ್ತು. ಹೊಸ ಟೈಲ್ಸಿನ ಅಂಚಿನುದ್ದಕ್ಕೂ ಡ್ರಿಲ್ ಹಾಕಿ, ನೆಲದೊಳಗೆ ಔಷಧಿ ಬಿಟ್ಟು, ಬಿಳಿ ಸಿಮೆಂಟ್ ಮೆತ್ತಿ ಹೋದ. ಗೆದ್ದಲಿಗೆ ಅದೇ ಸರಿಯಾದ ದಾರಿ, ಐಎಸ್ 6313 ಅನ್ನುವ ಸರ್ಕಾರಿ ಮಾನದಂಡವೇ ಅದಕ್ಕಿದೆ. ಆದರೆ ನಮ್ಮ ಹುಳ ಇರುವುದು ಮಾಡಿನಲ್ಲಿ! ಅದು ಹುಟ್ಟುವುದೂ ಬೆಳೆಯುವುದೂ ಮರದೊಳಗೇ, ನೆಲಕ್ಕೆ ಕಾಲಿಡುವ ಪ್ರಸಂಗವೇ ಇಲ್ಲ. ಪುಡಿ ಬೀಳುವುದು ನಿಲ್ಲಲಿಲ್ಲ ಅಂತ ಫೋನ್ ಮಾಡಿದರೆ, "ಅದು ಬೋರರ್ ಅಮ್ಮ, ಬೇರೆ ಪ್ಯಾಕೇಜ್" ಅಂತೆ. ಬೋರರ್ ಅಂದರೆ ಇದೇ ಕುಟ್ಟೆ. ಗ್ಯಾರಂಟಿ ಕಾಗದ ತೆಗೆದು ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ "ಬೋರರ್‌ಗೆ ಅನ್ವಯಿಸುವುದಿಲ್ಲ" ಅಂತ ಇದೆ. ಅಂದರೆ ಎರಡೂ ಬೇರೆ ಅಂತ ಕಾಗದ ಅಚ್ಚು ಹಾಕಿಸಿದವನಿಗೆ ಗೊತ್ತಿತ್ತು. ಮನೆಗೆ ಬಂದು ದುಡ್ಡು ಎಣಿಸಿಕೊಂಡವನಿಗೆ ಮಾತ್ರ ಎಲ್ಲಾ ಒಂದೇ.

ಇನ್ನು ಮರಗೆಲಸದ ಆಚಾರ್ರು. ಒಳ್ಳೆ ಮನುಷ್ಯ, ಕೆಲಸ ಅಚ್ಚುಕಟ್ಟು. ಆದರೆ ಕುಟ್ಟೆ ವಿಷಯ ಎತ್ತಿದರೆ ಸಾಕು, "ಪುಟ್ಟಿ ತುಂಬಿ ಒಂದು ಕೈ ಪಾಲಿಶ್ ಹೊಡೆದರೆ ಆಯ್ತಮ್ಮ." ಏನು ಆಯ್ತು? ಆ ದುಂಬಿ ಮೊಟ್ಟೆ ಇಡುವುದು ಪಾಲಿಶ್ ಇಲ್ಲದ ಮರದ ಸಣ್ಣ ರಂಧ್ರದಲ್ಲಿ. ಮರಿಹುಳ ಒಳಗೇ ಕೊರೆಯುತ್ತಾ, ಮರದಲ್ಲಿರುವ ಹಿಟ್ಟಿನಂಶ ತಿಂದುಕೊಂಡು ತಿಂಗಳುಗಟ್ಟಲೆ, ಕೆಲವು ಸಲ ವರ್ಷವೇ ಇರುತ್ತದೆ. ಬೆಳೆದು ದುಂಬಿಯಾದ ಮೇಲೆ ಹೊರಗೆ ಬರಲು ಕೊರೆಯುವುದೇ ಈ ತೂತು. ತೂತು ಕಂಡಿತು ಅಂದರೆ ಒಂದು ತಲೆಮಾರು ಊಟ ಮುಗಿಸಿ ಎದ್ದಿದೆ ಅಂತ ಅರ್ಥ. ಅದನ್ನು ಮುಚ್ಚಿ ಯಾರನ್ನು ತಡೆಯುತ್ತೀರಿ? ಒಳಗೆ ಉಳಿದವು ಪಾಲಿಶ್ ಸಮೇತ ಕೊರೆದುಕೊಂಡು ಬರುತ್ತವೆ. ಪಾಲಿಶ್ ಹೊಡೆಯುವುದಾದರೆ ಮರ ಹೊಸದಿರುವಾಗ, ನಾಲ್ಕೂ ಮುಖಕ್ಕೆ, ಕಡಿದ ತುದಿಗಳಿಗೂ ಹೊಡೆಯಬೇಕಿತ್ತು. ನಮ್ಮ ಮನೆಯಲ್ಲಿ ಹೊಡೆದದ್ದು ಕೆಳಗಿನಿಂದ ಕಾಣುವ ಮುಖಕ್ಕೆ ಮಾತ್ರ. ಮೇಲಿನದು ಹಂಚಿನ ಅಡಿ ಹೋಗುತ್ತದಲ್ಲ, ಯಾರು ನೋಡುತ್ತಾರೆ ಅಂತ. ಕುಟ್ಟೆ ನೋಡಿತು.

ಎಲ್ಲಕ್ಕಿಂತ ಜಾಸ್ತಿ ಸಿಟ್ಟು ಮರದ ಮಿಲ್ಲಿನವರ ಮೇಲೆ. "ಫುಲ್ ಸೀಸನ್ ಆದ ಮರ, ಕಣ್ಣು ಮುಚ್ಚಿ ತಗೊಳ್ಳಿ" ಅಂದಿದ್ದರು. ಒಣಗಿಸಿದರೆ ಮರ ಸೊಟ್ಟಗಾಗುವುದಿಲ್ಲ, ಬಿರುಕು ಕಮ್ಮಿ, ಅಷ್ಟೇ. ಸೀಳಿ ಒಣಗಿಸಿದ ಮಾತ್ರಕ್ಕೆ ಹಿಟ್ಟಿನಂಶ ಎಲ್ಲಿಗೂ ಹೋಗುವುದಿಲ್ಲ. ಈ ಕುಟ್ಟೆಗೆ ಬೇಕಾದದ್ದೇ ಒಣಗಿದ ಮರ. ಚೇಗಿನಲ್ಲಿ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿನಲ್ಲಿ, ಅದಕ್ಕೆ ತಿನ್ನಲು ಏನೂ ಸಿಗುವುದಿಲ್ಲ, ಹೊರಗಿನ ಬಿಳಿ ಭಾಗವೇ ಅದರ ಊಟ. ಅಜ್ಜನ ಕಾಲದ ತೊಲೆ ಉಳಿದದ್ದು ಬರೀ ಚೇಗು ಆದ್ದರಿಂದ. ಈಗ ಎಳೆ ಮರ ಕಡಿದು, ಬಿಳಿ ಭಾಗವನ್ನೂ ಸೇರಿಸಿ ಸೀಳಿ, ಚೇಗಿನ ರೇಟಿಗೆ ಅಡಿ ಲೆಕ್ಕದಲ್ಲಿ ಮಾರುತ್ತಾರೆ.

ಮೊದಲು ದಿಮ್ಮಿಗಳನ್ನು ತಿಂಗಳುಗಟ್ಟಲೆ ಕೆರೆಯಲ್ಲಿ ಮುಳುಗಿಸಿ ಇಡುತ್ತಿದ್ದರು ಅಂತ ಅತ್ತೆ ಹೇಳುತ್ತಾರೆ. ಬಿದಿರಿಗೂ ಹಾಗೇ. ಅಮಾವಾಸ್ಯೆ ಹತ್ತಿರ ಕಡಿಯಬೇಕು ಅನ್ನುವ ಲೆಕ್ಕ ನನಗೆ ಬೇಡ, ಆದರೆ ನೀರಿನಲ್ಲಿ ಇಡುವುದು ಬರೀ ನಂಬಿಕೆ ಅಲ್ಲ. ಹುಳಕ್ಕೆ ಬೇಕಾದ ಅಂಶ ಕರಗಿ ಹೋಗುತ್ತದೆ. ಮೇಲಿಂದ ಗೇರೆಣ್ಣೆ ಬಳಿಯುತ್ತಿದ್ದರು, ಒಲೆ ಹೊಗೆ ಬೇರೆ. ಈಗ ಕೆರೆಯೂ ಬೇಡ, ಹೊಗೆಯೂ ಇಲ್ಲ. ಸರಿ, ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ನೀರಿನಲ್ಲಿ ನೆನೆಸಿಡಬಹುದಲ್ಲ? ರಬ್ಬರ್ ಮರದಂಥ ಹಿಟ್ಟೇ ಹಿಟ್ಟಾದ ಮರವನ್ನು ಫರ್ನಿಚರ್ ಮಾಡುವುದೇ ಹೀಗೆ. ಕಡಿದು ಕೆಲವೇ ದಿನಗಳಲ್ಲಿ ಸೀಳಿ, ಇದೇ ಬೋರಾಕ್ಸ್ ತರಹದ ಬೋರಾನ್ ದ್ರಾವಣವನ್ನು ಒತ್ತಡದಲ್ಲಿ ಒಳಗಿಳಿಸಿ, ಆಮೇಲೆ ಒಣಗಿಸುತ್ತಾರೆ. ಮರದ ಸಂಶೋಧನೆಗೆಂದೇ ಕೇಂದ್ರ ಸರ್ಕಾರದ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಇದೆ. ನಮ್ಮ ಮಿಲ್ಲಿನಲ್ಲಿ ಒಂದು ಸಿಮೆಂಟ್ ತೊಟ್ಟಿ ಕಟ್ಟಿಸಲು ಜಾಗ ಇಲ್ಲವಂತೆ. ಕಾರು ನಿಲ್ಲಿಸಲು ಹೊಸ ಶೆಡ್ ಆಗಿದೆ.

ಫ್ಯಾಮಿಲಿ ಗ್ರೂಪಿನಲ್ಲಿ ಬಂದ ಸಲಹೆಗಳನ್ನು ಹೇಳುವುದೇ ಬೇಡ. ಬೇವಿನೆಣ್ಣೆ, ಕರ್ಪೂರ, ಉಪ್ಪುನೀರು. ಆದರೆ ಒಬ್ಬರು ಅಕ್ಕಿ ಮೂಟೆಗೆ ಇಡುವ ಗುಳಿಗೆಯನ್ನು ಅಟ್ಟದ ಮೇಲೆ ಇಡಲು ಹೇಳಿದರು. ಇದು ನಗುವ ವಿಷಯ ಅಲ್ಲ. ಆ ಗುಳಿಗೆ ಗಾಳಿಯ ತೇವಕ್ಕೇ ಫಾಸ್ಫೀನ್ ಅನಿಲ ಬಿಡುತ್ತದೆ, ಮಲಗಿದವರು ಏಳದೇ ಇರಬಹುದು. ದಯವಿಟ್ಟು ಮನೆಯೊಳಗೆ ಇಡಬೇಡಿ.

ಈಗ ಮಾಡಿಸುತ್ತಿರುವುದು ಇಷ್ಟು. ಪುಡಿ ನಿಂತಿದೆಯೋ ಇಲ್ಲವೋ ತಿಳಿಯಲು ಹಳೇ ತೂತಿಗೆಲ್ಲ ಮೇಣ ತುಂಬಿ, ಕೆಳಗೆ ಕಪ್ಪು ಕಾಗದ ಹಾಸಿದ್ದೇನೆ. ಹೊಸ ತೂತು ಬಿದ್ದರೆ ತಕ್ಷಣ ಕಾಣುತ್ತದೆ. ಒತ್ತಿದರೆ ಕುಸಿಯುವ ರೀಪುಗಳನ್ನು ತೆಗೆಸಿ ಸುಡುವುದು. ಚೇಗು ಗಟ್ಟಿ ಇರುವ ಪಕಾಸಿನಲ್ಲಿ ಬಿಳಿ ಅಂಚನ್ನು ಮಾತ್ರ ಕೆತ್ತಿಸುವುದು. ಉಳಿದದ್ದಕ್ಕೆ ಪಾಲಿಶ್ ಪೂರ್ತಿ ಕೆರೆದು, ಬರಿಮರಕ್ಕೆ ಬೋರಾಕ್ಸ್ ದ್ರಾವಣ ಎರಡು-ಮೂರು ಸಲ ಬಳಿಯುವುದು. ಪಾಲಿಶ್ ಮೇಲೆ ಬಳಿದರೆ ಒಳಗೆ ಇಳಿಯುವುದಿಲ್ಲ, ಮಳೆ ಬೀಳುವ ಕಡೆ ಬಳಿದರೆ ತೊಳೆದು ಹೋಗುತ್ತದೆ. ಕಿಟಕಿ ಚೌಕಟ್ಟಿನ ತೂತಿಗೆ ಮರದ ಹುಳದ್ದೇ ಔಷಧಿ ಸಿರಿಂಜಿನಲ್ಲಿ. ಇಷ್ಟಾದರೂ ಒಳಗಿರುವವು ಒಂದಷ್ಟು ದಿನ ಪುಡಿ ಉದುರಿಸುತ್ತವೆ, ಅದಕ್ಕೆ ಗಾಬರಿ ಬೇಡ.

ಖರ್ಚು ಯಾರದ್ದು? ನಮ್ಮದೇ. ಮಿಲ್ಲಿನವರು ಫೋನಿನಲ್ಲಿ "ಮರ ಅಂದಮೇಲೆ ಹುಳ ಬರುತ್ತಮ್ಮ" ಅಂತ ವೇದಾಂತ ಹೇಳಿ ಇಟ್ಟರು. ತೆಗೆದ ರೀಪುಗಳಲ್ಲಿ ಒಂದನ್ನು ಸುಡದೆ, ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಇಟ್ಟುಕೊಂಡಿದ್ದೇನೆ. ಸೋಮವಾರ ಅವರ ಅಂಗಡಿಯಲ್ಲಿ ಗಿರಾಕಿಗಳು ಇರುವ ಹೊತ್ತು ನೋಡಿಕೊಂಡು ಹೋಗಿ, ಬಿಲ್ ಬರೆಯುವ ಮೇಜಿನ ಮೇಲೆ ಬಡಿದು ತೋರಿಸುತ್ತೇನೆ.